ಏಳು ದನಿ, ಎಂಟು ಜನ

ನನಗೆ ನಾಟಕದಲ್ಲಿ ಪಾತ್ರ ಸಿಕ್ಕಿದ್ದು ಕಂಠದಿಂದಲ್ಲ, ಭುಜದ ಅಳತೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಇದ್ದುದರಿಂದಲೇ ಮುಂದಿನದೆಲ್ಲ ಆಯಿತು.

ನಾನು ದುರ್ಗದಲ್ಲಿ ಕೊರಿಯರ್ ಹಂಚುತ್ತೇನೆ. ಬೆಳಿಗ್ಗೆ ನನಗಿಂತ ದಪ್ಪನೆಯ ಚೀಲವನ್ನು ಬೆನ್ನಿಗೇರಿಸಿ ಬೈಕ್ ಹತ್ತಿದರೆ ಸಂಜೆಯವರೆಗೆ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಯಾಕೆ ಇಷ್ಟು ತಡ, ಎಲ್ಲಿ ಸಹಿ ಹಾಕಬೇಕು. ಹೋದ ವರ್ಷ ಹೀಗೇ ಒಂದು ಬಟ್ಟೆಯ ಗಂಟನ್ನು ಹಳೆಯ ಶಾಲೆಯೊಂದರ ಹಾಲ್‌ಗೆ ಮುಟ್ಟಿಸಲು ಹೋದೆ. ಅಲ್ಲಿ ಚಿತ್ತಯ್ಯ ಮೇಷ್ಟ್ರ ತಂಡ ಹಾಡಿನ ನಾಟಕವೊಂದರ ತಾಲೀಮು ನಡೆಸಿತ್ತು. ಗಂಟಿನೊಳಗೆ ಇದ್ದದ್ದು ಮೇಳದವರು ತೊಡುವ ನೀಲಿ ನಿಲುವಂಗಿಗಳು, ಎಂಟು. ಮೇಳದಲ್ಲಿ ಇದ್ದವರು ಏಳೇ ಜನ. ಎಂಟನೆಯವನು ಹಿಂದಿನ ವಾರ ಕೈಕೊಟ್ಟು ಹೋಗಿದ್ದ. ಮೇಷ್ಟ್ರು ಉಳಿದ ಅಂಗಿಯನ್ನು ಎತ್ತಿ ಹಿಡಿದು ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಇದನ್ನ ಒಂಚೂರು ತೊಟ್ಟು ನೋಡಪ್ಪ."

ಹೊಲಿಸಿದ ಹಾಗೆ ಕೂತಿತು. ನಾನು ಕಲಾವಿದನಾದದ್ದು ಹೀಗೆ.

ಎರಡು ದಿನ ಹಾಡಿಸಿ ನೋಡಿದ ಮೇಲೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು. ದೊಡ್ಡವರು ಹೀಗೆ ಹೆಗಲ ಮೇಲೆ ಕೈಯಿಟ್ಟಾಗ ಒಳ್ಳೆಯ ಸುದ್ದಿ ಇರುವುದಿಲ್ಲ. "ಮಾರುತೇಶ, ನಿನ್ನ ನಿಲುವು ಭಾಳ ಚೆನ್ನಾಗೈತೆ. ಹಾಡು ಬಂದಾಗ ಬಾಯಿ ಆಡ್ಸು. ದನಿ ಬ್ಯಾಡ" ಅಂದರು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಾಡಿಕೊಂಡೆ, ಆದರೆ ಬಿಟ್ಟು ಬರಲಿಲ್ಲ. ಆಚೀಚೆ ಏಳು ಜನ ಗಂಟಲು ಬಿಟ್ಟು ಹಾಡುವಾಗ ನಡುವೆ ನಿಂತರೆ ಎದೆಯೊಳಗೆ ಏನೋ ನಡುಗುತ್ತದೆ. ಆ ದನಿಯೆಲ್ಲ ನನ್ನ ಬಾಯಿಂದಲೇ ಹೊರಡುತ್ತಿದೆ ಅನ್ನಿಸುತ್ತದೆ. ದಿನವಿಡೀ ಬೇರೆಯವರ ಸಾಮಾನು ಹೊರುವವನಿಗೆ ಸಂಜೆ ಬೇರೆಯವರ ದನಿಯನ್ನು ಸ್ವಲ್ಪ ಹೊತ್ತು ನನ್ನದು ಅಂದುಕೊಳ್ಳುವುದರಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ.

ತಪ್ಪಾದದ್ದು ಅವ್ವನ ಫೋನು ಬಂದಾಗ. "ನಾಟಕದಾಗೆ ಏನ್ ಮಾಡ್ತೀಯಪ್ಪ?" ಅಂದಳು. "ಹಾಡ್ತೀನಿ" ಅಂದುಬಿಟ್ಟೆ. "ಬಾಯಿ ಆಡಿಸ್ತೀನಿ" ಅನ್ನುವುದು ಹೆತ್ತವ್ವನಿಗೆ ಫೋನಿನಲ್ಲಿ ಹೇಳುವಂಥ ಮಾತಲ್ಲ. ಅಷ್ಟಕ್ಕೆ ನಿಲ್ಲಿಸದೆ, ಮೇಳದವರ ಪಟ್ಟಿಯಲ್ಲಿ ನನ್ನ ಹೆಸರೂ ಇದ್ದ ಕರಪತ್ರದ ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಸಂಜೆ ಹೊತ್ತಿಗೆ ನಮ್ಮೂರು ತಾಳ್ಯದ ಸುತ್ತಿನಲ್ಲಿ ನಾನು ಗಾಯಕ ಅನ್ನುವುದು ಗೊತ್ತಿಲ್ಲದವರು ಉಳಿದಿರಲಿಲ್ಲ.

ಬೇರೆ ಊರಾಗಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮೂರಿನಲ್ಲಿ ನನ್ನ ದೊಡ್ಡಪ್ಪ ಬೀರಪ್ಪ ಇದ್ದಾನೆ.

ದೊಡ್ಡಪ್ಪನಿಗೆ ಅರವತ್ತಾರು. ಹುಟ್ಟಿದಾಗಿನಿಂದ ಕುರಿಯ ಜೊತೆಗಿದ್ದಾನೆ. ಪ್ರತಿ ಬೇಸಿಗೆ ನಮ್ಮೂರಿನವರು ಒಂದು ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ, ತಬಲ, ಬೆಳಗಿನ ತನಕ ಹಾಡು. ಊರಿಗೆ ಊರೇ ಚಾಪೆ ಹಿಡಿದು ಹೋಗುತ್ತದೆ. ಊರೆಲ್ಲ ನಾಟಕಕ್ಕೆ ಹೋದ ರಾತ್ರಿಯೇ ತೋಳಕ್ಕೂ ಕಳ್ಳನಿಗೂ ಅನುಕೂಲವಾದ್ದರಿಂದ ಯಾರಾದರೊಬ್ಬರು ರೊಪ್ಪದಲ್ಲಿ ಕುರಿಗಳ ಜೊತೆ ಮಲಗಲೇಬೇಕು. ಇಪ್ಪತ್ತನೆಯ ವಯಸ್ಸಿನಲ್ಲಿ ಅವರಪ್ಪ "ಈ ಸಲ ನೀನಿರು" ಅಂದರಂತೆ. ಆ ಸಲ ಅನ್ನುವುದು ಇನ್ನೂ ಮುಗಿದಿಲ್ಲ. ದೊಡ್ಡಪ್ಪ ನಲವತ್ತಾರು ವರ್ಷದಿಂದ ಊರಾಚೆಯ ದಿಬ್ಬದ ಮೇಲೆ ಕಂಬಳಿ ಹಾಸಿಕೊಂಡು, ಮುಳ್ಳುಬೇಲಿಯ ರೊಪ್ಪದ ಬಾಗಿಲಲ್ಲಿ ಮಲಗಿ, ಗಾಳಿಯಲ್ಲಿ ಬರುವ ಹಾಡು ಕೇಳಿದ್ದಾನೆ. ಸಿನಿಮಾ ನೋಡಿದ್ದಾನೆ, ಟಿವಿಯನ್ನು ಬೈಯುತ್ತಲೇ ನೋಡುತ್ತಾನೆ. ಮನುಷ್ಯನೊಬ್ಬ ಬಣ್ಣ ಹಚ್ಚಿಕೊಂಡು ಎದುರಿಗೆ ನಿಂತು ಹಾಡುವುದನ್ನು ಮಾತ್ರ ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

ನೋಡದವನೇ ನಮ್ಮೂರಿಗೆ ತೀರ್ಪುಗಾರ. ನಾಟಕ ಮುಗಿದ ಬೆಳಿಗ್ಗೆ, ಕಿವಿಯ ಹಿಂದೆ ಇನ್ನೂ ಬಣ್ಣ ಅಂಟಿಕೊಂಡಿರುವಾಗಲೇ, ಪಾತ್ರಧಾರಿಗಳು ಒಬ್ಬೊಬ್ಬರಾಗಿ ರೊಪ್ಪದ ಕಡೆ ನಡೆಯುತ್ತಾರೆ. ವೇಷಕ್ಕೆ, ಕಿರೀಟಕ್ಕೆ, ಮುಂದಿನ ಸಾಲಿನಲ್ಲಿ ಕೂತವರು ಯಾರು ಅನ್ನುವುದಕ್ಕೆ ಮರುಳಾಗದ ಕಿವಿ ಅವನೊಬ್ಬನದೇ ಎಂದು ಎಲ್ಲರಿಗೂ ಗೊತ್ತು. ಅವನು ಯಾರನ್ನೂ ಹೊಗಳಿ ಅಟ್ಟಕ್ಕೇರಿಸುವುದಿಲ್ಲ, ಬೈಯುವುದೂ ಇಲ್ಲ. ಕೇಳಿಸಿದ್ದನ್ನು ಹೇಳುತ್ತಾನೆ. ರಾಜನ ಪಾತ್ರ ಮಾಡುವ ಟೀ ಅಂಗಡಿ ಪಾಪಣ್ಣನಿಗೆ ಒಂದು ವರ್ಷ ಹೇಳಿದ್ದು ಇಷ್ಟು: "ಎಳ್ಡನೇ ಹಾಡು ನೆಟ್ಟಗೆ ಹೋತು. ಮೂರನೇದ್ರಾಗೆ ಬದು ದಾಟಿ ಪಕ್ಕದ ಹೊಲಕ್ಕೆ ಬಿದ್ದೆ." ಪಾಪಣ್ಣ ಎಂಟು ದಿನ ಮಾತು ಬಿಟ್ಟ. ಒಂಬತ್ತನೇ ದಿನ ಬಂದು ಆ ಮೂರನೇ ಹಾಡನ್ನು ಕುರಿಗಳ ಎದುರಿಗೇ ಮತ್ತೆ ಹಾಡಿದ. ದೊಡ್ಡಪ್ಪನ ಸ್ವಂತ ಭಾವಮೈದುನ ಒಮ್ಮೆ ಪಾತ್ರ ಮಾಡಿ ಬಂದು ಕೈಕಟ್ಟಿ ನಿಂತಾಗ "ಹಾರ್ಮೋನಿಯಂ ಚೆನ್ನಾಗಿತ್ತು ಕಣಪ್ಪ" ಅಂದನಂತೆ. ಆ ಮನುಷ್ಯ ಆಮೇಲೆ ಬಣ್ಣ ಮುಟ್ಟಲಿಲ್ಲ.

ನೋಡುವ ಕೆಲಸ ದೊಡ್ಡಮ್ಮ ಏಕನಾಥಮ್ಮನದು. ಅವಳು ಮೊದಲ ಚಾಪೆಯಲ್ಲಿ ಕೂತು ಎಲ್ಲ ನೋಡಿಕೊಂಡು ಬರುತ್ತಾಳೆ. ಯಾರ ಮೀಸೆ ಯಾವ ಹಾಡಿಗೆ ಉದುರಿತು, ರಾಣಿಯ ಸೀರೆ ಯಾರ ಮನೆಯದು, ಎಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆ ಅವಳು ಕಂಡದ್ದು ಹೇಳುತ್ತಾಳೆ, ಅವನು ಕೇಳಿದ್ದು ಹೇಳುತ್ತಾನೆ. ಮುದ್ದೆ ಮುಗಿಯುವ ಹೊತ್ತಿಗೆ ಇಬ್ಬರ ನಡುವೆ ಒಂದು ಪೂರ್ತಿ ನಾಟಕ ತಯಾರಾಗಿರುತ್ತದೆ.

ಆ ಕಿವಿಯ ಬಗ್ಗೆ ಇನ್ನೊಂದು ಮಾತು. ಸಂಜೆ ಕುರಿಗಳು ರೊಪ್ಪಕ್ಕೆ ಬರುವಾಗ ದೊಡ್ಡಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತು ಉಣ್ಣೆ ಹೊಸೆಯುತ್ತಿರುತ್ತಾನೆ. ಹೆಜ್ಜೆ, ಕೆಮ್ಮು, ಬ್ಯಾ ಅನ್ನುವ ದನಿ, ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯುತ್ತದೆ. "ಒಂದು ಕಮ್ಮಿ ಐತೆ" ಅಂದರೆ ಒಂದು ಕಮ್ಮಿಯೇ ಇರುತ್ತದೆ, ಅದು ಯಾವುದು ಅಂತಲೂ ಹೇಳುತ್ತಾನೆ. ಅದು ಸಿಗುವವರೆಗೆ ತಟ್ಟೆಯ ಮುಂದೆ ಕೂರುವುದಿಲ್ಲ.

ಇಂಥವನು ನನ್ನ ಹಾಡು ಕೇಳಲು ಬರುತ್ತೇನೆ ಎಂದ.

ಅದನ್ನು ಹೇಳಿದವಳು ದೊಡ್ಡಮ್ಮ. "ಈ ಸಲ ಕುರಿ ನಾನು ನೋಡ್ಕೊಂತೀನಿ. ನಿಮ್ಮ ದೊಡ್ಡಪ್ಪನ್ನ ಕರ್ಕಂಡು ಹೋಗು. ಮನೆ ಹುಡುಗ ಹಾಡ್ತಾನೆ ಅಂದ್ರೆ ಕೇಳಬ್ಯಾಡ್ವೇನು?"

"ದೂರ ಆಗ್ತೈತೆ ದೊಡ್ಡಮ್ಮ."

"ದುರ್ಗ ಯಾವಾಗ್ಲಿಂದ ದೂರ ಆತು?"

"ಸೀಟು ಸಿಗಲ್ಲ."

"ನಿಂತ್ಕಂಡು ಕೇಳ್ತಾನೆ. ದಿನಾ ನಿಂತೇ ಇರ್ತಾನಲ್ಲ."

"ನಾಟಕ ತಡ ಆದ್ರೆ ಬಸ್ಸು..."

"ಭಾನುವಾರ ನಾಲ್ಕು ಗಂಟೆಗೆ ಅಂತ ನೀನೇ ಮೊಬೈಲ್‌ನಾಗೆ ಹಾಕ್ಕಂಡಿದ್ದೀಯಂತೆ. ಏನ್ ಹುಡುಗನಪ್ಪ, ಬರ್ರಿ ಅನ್ನೋದು ಬಿಟ್ಟು."

ಹಾಕಿಕೊಂಡಿದ್ದೆ. ಆದರೂ ಒಂದು ಧೈರ್ಯವಿತ್ತು. ಮೊದಲ ಸಲ ರಂಗ ನೋಡುವವನಿಗೆ ನೋಡಿ ಮುಗಿಯುವುದಿಲ್ಲ. ಬೆಳಕು, ಬಣ್ಣ, ಪರದೆ, ಕುಣಿತ ಇದ್ದಾಗ ಎಂಟು ಜನರಲ್ಲಿ ಒಬ್ಬನ ದನಿ ಇದೆಯೋ ಇಲ್ಲವೋ ಎಂದು ಕೇಳಲು ಯಾವ ಕಿವಿಗೆ ಬಿಡುವು? ನನ್ನ ನಂಬಿಕೆಯೆಲ್ಲ ದೊಡ್ಡಪ್ಪನ ಕಣ್ಣಿನ ಮೇಲೆ ನಿಂತಿತ್ತು.

ಹಿಂದಿನ ರಾತ್ರಿಯೇ ಊರಿಗೆ ಬಂದು, ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಕಂಬಳಿ. ಹೊಳಲ್ಕೆರೆ ದಾಟಿದ ಮೇಲೆ ಕೇಳಿದ: "ಎಷ್ಟು ಜನ ಹಾಡೋದು?"

"ಮೇಳದಾಗೆ ಎಂಟು ಜನ."

"ನೀನು ಎಲ್ಲಿ ನಿಂತಿರ್ತೀಯ?"

"ಅದು ಬದಲಾಗ್ತಿರ್ತೈತೆ. ಮುಖಕ್ಕೆಲ್ಲ ಒಂದೇ ಬಣ್ಣ ಹಚ್ಚಿರ್ತಾರೆ. ಗುರುತು ಸಿಗಲ್ಲ ದೊಡ್ಡಪ್ಪ."

"ಮುಖ ಇಟ್ಕಂಡು ಏನ್ ಮಾಡ್ಲಿ" ಅಂದ ದೊಡ್ಡಪ್ಪ, ಕಿಟಕಿಯಾಚೆ ಯಾರದೋ ಕುರಿಮಂದೆಯನ್ನು ನೋಡುತ್ತ. "ನಿನ್ನ ದನಿ ನಂಗೊತ್ತಿಲ್ವೇನಲೇ."



ರಂಗಮಂದಿರದ ಬಾಗಿಲಲ್ಲಿ ದೊಡ್ಡಪ್ಪ ಚಪ್ಪಲಿ ಬಿಟ್ಟ. ಹಾಕಿಕೊಂಡೇ ಬರಬಹುದು ಎಂದು ಬಾಗಿಲಲ್ಲಿದ್ದ ದೇವಿಕಾ ಹೇಳಿದಳು. ನಮ್ಮ ತಂಡದಲ್ಲಿ ಪರದೆ, ದೀಪ, ವೇಷ, ಹೊತ್ತು ಎಲ್ಲ ನೋಡಿಕೊಳ್ಳುವವಳು ಅವಳೇ. ಮೇಷ್ಟ್ರೂ ಅವಳಿಗೆ ಹೆದರುತ್ತಾರೆ. "ಹಾಡೋ ಜಾಗಕ್ಕೆ ಚಪ್ಪಲಿ ಯಾಕಮ್ಮ" ಎಂದು ದೊಡ್ಡಪ್ಪ ಬರಿಗಾಲಲ್ಲೇ ಒಳಗೆ ಹೋಗಿ, ಮೂರನೇ ಸಾಲಿನ ಕುರ್ಚಿಗೆ ಕಂಬಳಿ ಮಡಿಸಿ ಹಾಕಿ ಕೂತ.

"ನಡುವೆ ಎದ್ದು ಓಡಾಡಂಗಿಲ್ಲ ಯಜಮಾನ್ರೇ" ಅಂದಳು ದೇವಿಕಾ.

"ನಾನ್ಯಾಕೆ ಎದ್ದೇಳ್ಲಿ" ಅಂದ ದೊಡ್ಡಪ್ಪ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ನಾಟಕದ ಕತೆ ಸರಳ. ಒಬ್ಬ ರಾಜ ತನ್ನ ಊರಿನಲ್ಲಿ ಎಲ್ಲರೂ ಒಂದೇ ರಾಗ ಹಾಡಬೇಕು ಎಂದು ಕಟ್ಟಳೆ ಮಾಡುತ್ತಾನೆ. ಕುಂಬಾರರ ಹುಡುಗಿಯೊಬ್ಬಳು ಮಡಕೆ ತಟ್ಟುತ್ತ ತನ್ನದೇ ರಾಗ ಗುನುಗಿ ಸಿಕ್ಕಿಬೀಳುತ್ತಾಳೆ. ನಾವು ಎಂಟು ಜನ ಆ ಊರಿನ ಪ್ರಜೆಗಳು, ರಾಜ ಹೇಳಿದ ರಾಗವನ್ನೇ ಹಾಡುವವರು. ನನ್ನ ಮಟ್ಟಿಗೆ ಹೇಳುವುದಾದರೆ ಕಟ್ಟಳೆಯನ್ನು ನನ್ನಷ್ಟು ಪಾಲಿಸಿದ ಪ್ರಜೆ ಇನ್ನೊಬ್ಬನಿಲ್ಲ.

ಪರದೆಯ ಸಂದಿಯಿಂದ ನೋಡಿದೆ. ಹಾಲ್‌ನಲ್ಲಿ ದೀಪ ಆರಿ ರಂಗದ ಮೇಲೆ ನೀಲಿ ಬೆಳಕು ಬಿತ್ತು. ದೊಡ್ಡಪ್ಪ ಕತ್ತು ಮುಂದೆ ಚಾಚಿ, ಕಣ್ಣರಳಿಸಿ ನೋಡಿದ. ನನಗೆ ಉಸಿರು ಬಂತು. ಅಷ್ಟರಲ್ಲಿ ಹಾರ್ಮೋನಿಯಂ ಶುರುವಾಯಿತು. ಆ ದನಿ ಕಿವಿಗೆ ಬಿದ್ದದ್ದೇ ತಡ, ದೊಡ್ಡಪ್ಪ ಕುರ್ಚಿಗೆ ಒರಗಿ, ಕಂಬಳಿಯ ತುದಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿಬಿಟ್ಟ.

ನಾಟಕ ಅಂದರೆ ಅವನಿಗೆ ಅದೇ ಆಗಿತ್ತು. ಹಾರ್ಮೋನಿಯಂ ಕೇಳಿದರೆ ಕಣ್ಣು ಮುಚ್ಚಬೇಕು. ನನ್ನ ಎಣಿಕೆಯಲ್ಲಿ ಇದೊಂದು ಬಂದಿರಲಿಲ್ಲ.

ನಾವು ಸಾಲಾಗಿ ರಂಗಕ್ಕೆ ಹೋದೆವು. ಏಳು ಜನ ಹಾಡಿದರು, ನಾನು ಎಂದಿಗಿಂತ ಜೋರಾಗಿ ಬಾಯಿ ಆಡಿಸಿದೆ, ಅದರಿಂದ ಏನಾದರೂ ಪ್ರಯೋಜನವಾದೀತೇನೋ ಎಂಬಂತೆ. ದೊಡ್ಡಪ್ಪನ ಬೆರಳುಗಳು ಮೊಣಕಾಲ ಮೇಲೆ ಒಂದೊಂದಾಗಿ ಮಡಿಯುತ್ತಿದ್ದವು. ಎರಡನೇ ಚರಣಕ್ಕೆ ಹುಬ್ಬು ಗಂಟಾಯಿತು. ಮೂರನೇ ಚರಣ ಮುಗಿದು, ರಾಜನ ಕಾವಲುಗಾರ "ಎಲ್ಲರೂ ಹಾಡುತ್ತಿದ್ದೀರಾ?" ಎಂದು ಗದರಿಸುವ ಜಾಗ ಬಂತು. ಮೂರನೇ ಸಾಲಿನಲ್ಲಿ ದೊಡ್ಡಪ್ಪ ಎದ್ದು ನಿಂತ.

"ಒಂದು ಕಮ್ಮಿ ಐತೆ."

ಅವನು ಕೂಗಲಿಲ್ಲ. ಆದರೆ ದಿಬ್ಬದಿಂದ ದಿಬ್ಬಕ್ಕೆ ಕುರಿ ಕರೆದು ಬೆಳೆದ ದನಿ ಅದು. ಹಾಲ್‌ನ ಕೊನೆಯ ಗೋಡೆ ಮುಟ್ಟಿ ವಾಪಸು ಬಂತು. ಅದೂ ನಾಟಕದ್ದೇ ಮಾತೆಂದು ಹಲವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರೊಬ್ಬರು "ಕುಂತ್ಕಳ್ರಿ ಯಜಮಾನ್ರೇ" ಅಂದರು. ದೊಡ್ಡಪ್ಪ ಕೂರಲಿಲ್ಲ. ಕಣ್ಣು ಬಿಟ್ಟು, ಕುರಿ ಎಣಿಸುವ ಹಾಗೆ ಬೆರಳು ಚಾಚಿ, ಎರಡೆರಡು ಮಾಡಿ ನಮ್ಮನ್ನು ಎಣಿಸಿದ. ಎಂಟು. ಮತ್ತೆ ಎಣಿಸಿದ. ಎಂಟೇ. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು, ಕೂತವರ ಮೊಣಕಾಲುಗಳನ್ನು ದಾಟುತ್ತ ಹೊರಗೆ ಹೋದ. ನಾನು ಬಾಯಿ ಆಡಿಸುತ್ತಲೇ ಇದ್ದೆ.

ಹಾಡು ಮುಗಿದು ಒಳಗೆ ಬಂದಾಗ ಹಿಂಬಾಗಿಲಲ್ಲಿ ದೊಡ್ಡಪ್ಪ ದೇವಿಕಾಳ ಜೊತೆ ಮಾತಿಗಿಳಿದಿದ್ದ. ಅವಳು ತುಟಿಗೆ ಬೆರಳಿಟ್ಟು ಮೆಲ್ಲಗೆ ಮಾತಾಡಿ ಅನ್ನುತ್ತಿದ್ದಳು. ಅವನು ಮೆಲ್ಲಗೇ ಮಾತಾಡುತ್ತಿದ್ದ, ಅವನ ಮಟ್ಟಿಗೆ.

"ನಮ್ಮ ಹುಡುಗ ಕಾಣ್ತಿಲ್ಲಮ್ಮ."

"ಯಾವ ಹುಡುಗ?"

"ಮಾರುತೇಶ. ಅವನ ದನಿ ಇಲ್ಲ ಅದ್ರಾಗೆ. ಯಾರಿಗೋ ಅವನ ಅಂಗಿ ತೊಡಿಸಿ ನಿಲ್ಸೀರಿ. ನಂಗೆ ಕೋಪ ಇಲ್ಲ, ನಿಮಗೂ ನಾಟಕ ನಡೀಬೇಕು. ಅವನಿಗೆ ಏನಾತು ಅಂತ ಮಾತ್ರ ಹೇಳ್ರಿ. ಬೆಳಿಗ್ಗೆಯಿಂದ ಅವನ ಮುಖ ಸರಿ ಇರ್ಲಿಲ್ಲ."

ಆ ಕ್ಷಣ ನಾನು ಎಲ್ಲಿಗಾದರೂ ಕಾಣೆಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಕನಿಷ್ಠ ಅವನ ಮಾತು ನಿಜವಾಗುತ್ತಿತ್ತು.

"ದೊಡ್ಡಪ್ಪ, ನಾನೇ" ಅಂದೆ.

ಅವನು ನನ್ನ ಬಣ್ಣದ ಮುಖ ನೋಡಲಿಲ್ಲ. ದನಿ ಕೇಳಿ ತೋಳು ಹಿಡಿದುಕೊಂಡ. "ಇಲ್ಲೇ ಇದೀಯೇನಲೇ? ಹಾಡೋ ಹೊತ್ತಿಗೆ ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಹೋಗಿರ್ಲಿಲ್ಲ."

"ಮತ್ತೆ?"

ನಾನು ದೇವಿಕಾಳನ್ನು ನೋಡಿದೆ. ಅವಳಿಗೆ ಸುಳ್ಳು ಕಟ್ಟುವಷ್ಟು ಪುರುಸೊತ್ತಿರಲಿಲ್ಲ. "ಅವನು ಹಾಡಲ್ಲ ಯಜಮಾನ್ರೇ. ಬಾಯಿ ಆಡಿಸ್ತಾನೆ ಅಷ್ಟೆ. ದನಿ ಬ್ಯಾಡ ಅಂತ ಮೇಷ್ಟ್ರೇ ಹೇಳ್ಯಾರೆ."

ದೊಡ್ಡಪ್ಪ ವೇಷದ ಪೆಟ್ಟಿಗೆಯ ಮೇಲೆ ಕುಸಿದು ಕೂತ. "ಹಂಗಾದ್ರೆ ಸರಿ. ಸಿಕ್ಕಿದ್ನಲ್ಲ" ಅಂದ.

ದೇವಿಕಾ ಅವನನ್ನು ಮತ್ತೆ ಹಾಲ್‌ಗೆ ಬಿಡಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿ, ಅಲ್ಲಾಡಕೂಡದು ಎಂದು ಬೆರಳಲ್ಲೇ ಹೇಳಿ ಹೋದಳು. ಉಳಿದ ನಾಟಕವನ್ನು ದೊಡ್ಡಪ್ಪ ಅಲ್ಲಿಂದ ನೋಡಿದ, ಕಣ್ಣು ಬಿಟ್ಟುಕೊಂಡು. ಕುಂಬಾರರ ಹುಡುಗಿ ರಂಗದ ಮೇಲೆ ಅತ್ತು ಒಳಗೆ ಓಡಿಬಂದು ಬಾಟಲಿ ಎತ್ತಿ ನೀರು ಕುಡಿದು, ಮೂಗೊರೆಸಿಕೊಂಡು, ಮತ್ತೆ ಅಳುತ್ತ ಹೊರಗೆ ಹೋದದ್ದನ್ನು ಬಾಯಿ ತೆರೆದು ನೋಡಿದ. ರಾಜ ಅವನ ಪಕ್ಕದಲ್ಲೇ ನಿಂತು ಮೀಸೆ ಒತ್ತಿಕೊಳ್ಳುವಾಗ ಎದ್ದು ನಿಂತು ಜಾಗ ಬಿಟ್ಟ. ಕೊನೆಯ ಹಾಡಿನಲ್ಲಿ ಪ್ರಜೆಗಳು ಒಬ್ಬೊಬ್ಬರೂ ತಮ್ಮದೇ ರಾಗ ಎತ್ತಿಕೊಳ್ಳುವಾಗ ನಾನು ಪಕ್ಕಕ್ಕೆ ಕಣ್ಣು ಹಾಯಿಸಿದೆ. ಅವನು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

ವಾಪಸು ಬರುವ ಬಸ್ಸಿನಲ್ಲಿ ನಾನು ಮಾತು ತೆಗೆದೆ. "ಊರಾಗೆ ಹೇಳಬ್ಯಾಡ ದೊಡ್ಡಪ್ಪ."

"ಕೇಳ್ತಾರಲ್ಲೋ. ನಾನು ಹೋಗಿರೋದೇ ಅದಕ್ಕೆ."

"ಚೆನ್ನಾಗಿ ಹಾಡ್ದ ಅಂದ್ಬಿಡು."

"ಹಾಡ್ದೆ ಇದ್ದೋನ್ನ ಹಾಡ್ದ ಅನ್ನಾಕೆ ಬರಲ್ಲ ಕಣಲೇ. ಪಾಪಣ್ಣ ಅಷ್ಟು ವರ್ಷದಿಂದ ನನ್ನ ಹತ್ರ ಬೈಸ್ಕಂತಾನೆ. ಮನೆ ಹುಡುಗ ಅಂತ ನಿಂಗೊಂದು ಮಾತು ಹೇಳಿದ್ರೆ ಅವನ ಮುಖ ಹೆಂಗೆ ನೋಡ್ಲಿ?"

ಸ್ವಲ್ಪ ದೂರ ಬಂದ ಮೇಲೆ ಅವನೇ ಅಂದ: "ಎಲ್ಲಿ, ಒಂದ್ ಸಾಲು ಹಾಡು. ಮೆಲ್ಲಗೆ."

ಅವನ ಕಿವಿಯ ಹತ್ತಿರ ಬಗ್ಗಿ ಪ್ರಜೆಗಳ ಹಾಡಿನ ಮೊದಲ ಸಾಲು ಹಾಡಿದೆ. ಮುಂದಿನ ಸೀಟಿನಲ್ಲಿ ಮಲಗಿದ್ದ ಮಗು ಎದ್ದು ಕೂತಿತು. ದೊಡ್ಡಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

"ನಿಮ್ಮ ಮೇಷ್ಟ್ರು ತಿಳಿದೋರು" ಅಂದ.

ಮಾರನೆಯ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ದುರ್ಗಕ್ಕೆ ಹೊರಟುಹೋಗಬಹುದಿತ್ತು. ಕೆಲಸಕ್ಕೆ ತಡವಾಗುತ್ತದೆ ಅನ್ನುವ ಒಳ್ಳೆಯ ನೆಪವೂ ಇತ್ತು. ಆದರೆ ನನ್ನ ಮರ್ಯಾದೆ ಹೋಗುವುದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಎದುರಿಗೆ ನಿಂತು ನೋಡುವುದೇ ವಾಸಿ ಅನ್ನಿಸಿ ರೊಪ್ಪಕ್ಕೆ ಹೋದೆ. ಪಾಪಣ್ಣ ಆಗಲೇ ಫ್ಲಾಸ್ಕಿನ ತುಂಬ ಟೀ ತಂದು ಕಲ್ಲಿನ ಮೇಲೆ ಕೂತಿದ್ದ. ಅವನ ಜೊತೆ ನಾಟಕದವರು ನಾಲ್ಕೈದು ಜನ. ದೊಡ್ಡಮ್ಮ ಹಿಕ್ಕೆ ಗುಡಿಸುವುದನ್ನು ಬಿಟ್ಟು ಪೊರಕೆ ಹಿಡಿದೇ ನಿಂತಿದ್ದಳು. ದೊಡ್ಡಪ್ಪ ಉಣ್ಣೆ ಹೊಸೆಯುತ್ತಿದ್ದ.

"ಹೇಳ್ರಿ ಬೀರಣ್ಣ, ಹೆಂಗಾತು?" ಅಂದ ಪಾಪಣ್ಣ.

ದೊಡ್ಡಪ್ಪ ಶುರುಮಾಡಿದ. ಹಾಡಿನಿಂದಲ್ಲ, ಬೆಳಕಿನಿಂದ. ಮೇಲೆ ಕಬ್ಬಿಣದ ಕಂಬಿಗೆ ದೀಪ ನೇತುಹಾಕಿರುತ್ತಾರೆ, ಅದು ಬೆಳಗಿನ ಜಾವದ ಹಾಗೂ ಆಗುತ್ತದೆ, ಸಂಜೆಯ ಹಾಗೂ ಆಗುತ್ತದೆ ಅಂದ. ಅಳುವ ಹುಡುಗಿ ನಡುವೆ ನೀರು ಕುಡಿದದ್ದು ಹೇಳಿದ. ರಾಜನ ಚಪ್ಪಲಿ ಸಾದಾ ಹವಾಯಿ ಚಪ್ಪಲಿ, ಬಂಗಾರದ ಕಾಗದ ಅಂಟಿಸಿದ್ದರು ಅಂದ. ದೊಡ್ಡಮ್ಮ ಪೊರಕೆ ಕೆಳಗಿಟ್ಟಳು. "ಇದೆಲ್ಲ ನಾನು ಹೇಳಬೇಕಾದ್ದು" ಅಂದಳು. ಅವನು ನಿಲ್ಲಿಸಲಿಲ್ಲ. ಟೀ ಒಂದು ಸುತ್ತು ಮುಗಿಯಿತು.

"ಅದೆಲ್ಲ ಸರಿ" ಅಂದ ಪಾಪಣ್ಣ. "ಹುಡುಗ ಹೆಂಗೆ ಹಾಡ್ದ?"

ದೊಡ್ಡಪ್ಪ ಉಣ್ಣೆಯ ಎಳೆಯನ್ನೇ ನೋಡುತ್ತ ಅಂದ: "ಕಣ್ಣು ಬಿಟ್ಕಂಡು ಕುಂತೆ ಪಾಪಣ್ಣ. ಕಿವಿ ಕೆಲ್ಸ ಮಾಡ್ಲಿಲ್ಲ. ಏನೂ ಕೇಳಿಸ್ಲಿಲ್ಲ ನಂಗೆ."

ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚೆನ್ನಾಗಿ ಹೇಳಲೂ ಬರಲಿಲ್ಲ.

"ಏನೂ ಕೇಳಿಸ್ಲಿಲ್ವೆ?"

"ಇಲ್ಲ."

ಪಾಪಣ್ಣ ಟೀ ಲೋಟ ಕೆಳಗಿಟ್ಟ. "ಹಂಗಾದ್ರೆ ಮುಂದಿನ ವರ್ಷದಿಂದ ಇಲ್ಲಿಗೆ ಬರೋದು ತಪ್ತು ಬಿಡಪ್ಪ. ನಮ್ಮ ಪಾಡಿಗೆ ನಾವು ಹಾಡ್ಕಳಾಣ."

"ವಯಸ್ಸಾತಲ್ಲ, ಕಿವಿ ಎಷ್ಟು ದಿನ ಬರ್ತೈತೆ" ಅಂದ ಇನ್ನೊಬ್ಬ.

"ಮೈಕು ದಿಬ್ಬದ ಮೇಲೇ ಕಟ್ಟಾಣ ಬಿಡ್ರಿ."

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಗಲು ನೋಡಿದ. ಅವನ ಕೈಯಲ್ಲಿ ಉಣ್ಣೆಯ ಎಳೆ ಕಿತ್ತುಹೋಯಿತು. ಅದನ್ನು ಮತ್ತೆ ಕೂಡಿಸಲು ಹೊಸೆದ, ಕೂಡಲಿಲ್ಲ.

ನಲವತ್ತಾರು ವರ್ಷದಲ್ಲಿ ಅವನು ಸಂಪಾದಿಸಿದ್ದು ಆ ಕಿವಿಯೊಂದೇ. ಅದನ್ನು ನನ್ನ ಬಾಯಿಗೋಸ್ಕರ, ಅದೂ ಸುಮ್ಮನೆ ಆಡುವ ಬಾಯಿಗೋಸ್ಕರ, ಬಿಟ್ಟುಕೊಟ್ಟು ಕೂತಿದ್ದ. ನಾನು ಧೈರ್ಯವಂತನಲ್ಲ. ನಾಯಿ ಇರುವ ಮನೆಯ ಪಾರ್ಸೆಲ್ಲನ್ನು ಪಕ್ಕದ ಮನೆಗೆ ಕೊಟ್ಟು ಬರುವವನು. ಆದರೂ ಬಾಯಿ ಬಿಟ್ಟೆ, ಈ ಸಲ ದನಿಯೂ ಬಂತು.

"ದೊಡ್ಡಪ್ಪನ ಕಿವಿ ಸರಿಯಾಗೈತೆ. ಹಾಡ್ದೆ ಇದ್ದೋನು ನಾನು. ಮೇಷ್ಟ್ರು ದನಿ ಬ್ಯಾಡ ಅಂದಿದ್ರು. ಎಂಟು ಜನ ನಿಂತಿದ್ವಿ, ಏಳೇ ದನಿ ಅಂತ ಕಣ್ಣು ಮುಚ್ಕಂಡೇ ಹೇಳ್ದ. ನಾಟಕದ ನಡುವೆ ಎದ್ದು ನಿಂತು ಹೇಳ್ದ."

"ನಿಂಗೆ ಯಾರು ಕೇಳಿದ್ರು?" ದೊಡ್ಡಪ್ಪ ಸಿಡುಕಿದ.

ನಾನು ನಗುವಿಗೆ ಕಾದೆ. ಯಾರೂ ನಗಲಿಲ್ಲ. ಯಾರಿಗೂ ಆಶ್ಚರ್ಯವೇ ಆಗಲಿಲ್ಲ.

"ನೀನು ಹಾಡಿರಲ್ಲ ಅಂತ ಗೊತ್ತಿತ್ತು ಬಿಡಪ್ಪ" ಅಂದ ಪಾಪಣ್ಣ, ನನಗೂ ಒಂದು ಲೋಟ ಟೀ ಬಗ್ಗಿಸುತ್ತ. "ಸ್ಕೂಲಿನಾಗೆ ಪ್ರಾರ್ಥನೆ ಹೊತ್ತಿಗೆ ನಿನ್ನ ಗಂಟೆ ಹೊಡಿಯಾಕೆ ಕಳಿಸ್ತಿದ್ರಲ್ಲ, ಯಾಕೆ ಅನ್ಕಂಡಿದ್ದೆ? ನೀನು ಹಾಡ್ತೀಯ ಅಂತ ನಿಮ್ಮವ್ವ ಹೇಳಿದಾಗ್ಲೇ ಇದ್ರಾಗೆ ಏನೋ ಐತೆ ಅಂತ ಫ್ಲಾಸ್ಕ್ ತುಂಬಿಸಿ ಇಟ್ಟಿದ್ದೆ."

ಗಂಟೆ ಹೊಡೆಯುವುದು ಬುದ್ಧಿವಂತರಿಗೆ ಕೊಡುವ ಕೆಲಸ ಅಂದುಕೊಂಡು ನಾನು ಏಳು ವರ್ಷ ಹೆಮ್ಮೆಪಟ್ಟಿದ್ದೆ.

"ನಾಟಕದ ನಡುವೆ ಎದ್ದು ನಿಂತ್ರ ಬೀರಣ್ಣ?" ಎಂದು ಪಾಪಣ್ಣ ಅವನ ಕಡೆ ತಿರುಗಿದ. ದನಿಯಲ್ಲಿ ಈಗ ಹಳೆಯ ಭಯವಿತ್ತು, ಅದು ವಾಪಸು ಬಂದದ್ದು ಅವನಿಗೂ ಸಮಾಧಾನವೇ ಆದಂತಿತ್ತು. "ಉಳಿದ ಏಳು ಹೆಂಗಿದ್ವು?"

ದೊಡ್ಡಪ್ಪ ಸ್ವಲ್ಪ ಹೊತ್ತು ಗುರ್ ಅನ್ನುತ್ತ ಕೂತ. ಆಮೇಲೆ ತಡೆಯಲಾಗಲಿಲ್ಲ. ಒಂದು ಹೆಣ್ಣು ದನಿ ಐತೆ, ಅದು ಮುಂದೆ ನಡೀತೈತೆ, ಉಳಿದವು ಅದರ ಹಿಂದೆ ಬರ್ತವೆ. ಒಬ್ಬ ಗಂಡುಹುಡುಗ ಉಸಿರು ಸಾಲದೆ ಪ್ರತಿ ಸಾಲಿನ ಕೊನೆಗೆ ಕುಂಟ್ತಾನೆ. ಇನ್ನಿಬ್ಬರು ಜಗಳ ಆಡಿರಬೇಕು, ಒಬ್ಬರ ದನಿಗೆ ಒಬ್ಬರು ತಾಗಿಸ್ಕಳಲ್ಲ ಅಂದ. ಆ ಇಬ್ಬರು ತಾಲೀಮಿನಲ್ಲಿ ಫ್ಯಾನಿನ ವಿಷಯಕ್ಕೆ ಜಗಳವಾಡಿ ಒಂದು ತಿಂಗಳಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಟೀ ಕುಡಿದೆ.

ಮುಂದಿನ ಭಾನುವಾರ ಇದೇ ನಾಟಕ ಹೊಸದುರ್ಗದಲ್ಲಿದೆ ಎಂದು ನಾನು ಹೇಳಿದ್ದು ತಪ್ಪಾಯಿತು. ದೊಡ್ಡಮ್ಮ ತಾನೂ ಬರುತ್ತೇನೆ ಅಂದಳು. ಬಂಗಾರದ ಕಾಗದದ ಚಪ್ಪಲಿಯನ್ನು ಅವನೊಬ್ಬನೇ ನೋಡಿದ್ದು ಅವಳಿಗೆ ನುಂಗಲಾಗಿರಲಿಲ್ಲ. ದೊಡ್ಡಪ್ಪ ತಾನೂ ಇನ್ನೊಂದು ಸಲ ನೋಡಬೇಕು ಅಂದ. ಪಾಪಣ್ಣ ಅಂಗಡಿ ಮುಚ್ಚಿ ಬರುತ್ತೇನೆ ಅಂದ.

"ಎಲ್ಲಾರೂ ಹೋಗಾಣ ಅಂದ್ರೆ ಕುರಿ ಯಾರು ಕಾಯ್ತಾರೆ?" ಅಂದಳು ದೊಡ್ಡಮ್ಮ.

ಎಲ್ಲರೂ ನನ್ನ ಕಡೆ ನೋಡಿದರು.

"ಇವನೇ ಕಾಯ್ಲಿ ಬಿಡ್ರಿ" ಅಂದ ಪಾಪಣ್ಣ. "ಹೆಂಗಿದ್ರೂ ಅಲ್ಲಿ ಇವನ ದನಿ ಇಲ್ಲ. ಹೋದ್ರೆಷ್ಟು, ಬಿಟ್ರೆಷ್ಟು?"

ಮಾತು ನ್ಯಾಯವಾಗಿಯೇ ಇತ್ತು. ನಾನು ಒಪ್ಪಿಕೊಳ್ಳುವುದರಲ್ಲಿದ್ದೆ.

"ಅದಾಗಲ್ಲ" ಅಂದ ದೊಡ್ಡಪ್ಪ. ಎಳೆ ಅವನ ಕೈಯಲ್ಲಿ ಮತ್ತೆ ಕೂಡಿಕೊಂಡು ಉದ್ದವಾಗುತ್ತಿತ್ತು. "ಅಲ್ಲಿ ಎಂಟು ಜನ ನಿಲ್ಬೇಕು. ಇವನು ನಿಂತ ಜಾಗ ಖಾಲಿ ಬಿಟ್ರೆ ಸಾಲು ಹಾಳಾಗ್ತೈತೆ. ನಿಂಗೆ ಗೊತ್ತಾಗಲ್ಲ ಪಾಪಣ್ಣ. ನಾನು ನೋಡೀನಿ."